ಮೊದಲು ಗುರಿ, ಆಮೇಲೆ ಮೊಬೈಲ್



ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಹಗಲಿನಲ್ಲಿ ಒಂದೆರಡು ಗಂಟೆ ನಿಮ್ಮದಾಗುತ್ತದೆ. ಆಗ ಬಹಳ ವರ್ಷಗಳಿಂದ ಮನಸ್ಸಿನ ಮೂಲೆಯಲ್ಲಿದ್ದ ಆಸೆಯೊಂದು ತಲೆಯೆತ್ತುತ್ತದೆ. ‘ನಾನು ಟೀಚರ್ ಆಗಬೇಕೆಂದಿದ್ದೆ’ ಎಂಬ ಆಸೆ ಅದು. ಓದು ಮುಗಿಯುತ್ತಲೇ ಮದುವೆಯಾಯಿತು. ಆಮೇಲೆ ಹೊಲಿಗೆ ಮೆಷಿನ್ನೋ, ಅಂಗಡಿಯ ಲೆಕ್ಕದ ಪುಸ್ತಕವೋ ಕೈಗೆ ಬಂತು. ಹತ್ತು ಹನ್ನೆರಡು ವರ್ಷ ಅದರಲ್ಲೇ ಕಳೆಯಿತು. ಈಗ ದಾರಿ ಬದಲಿಸಬೇಕು ಅನ್ನಿಸುತ್ತಿದೆ. ಕೈಯಲ್ಲಿ ಮೊಬೈಲ್ ಇದೆ, ಅದರ ತುಂಬ ಕಲಿಸುವ ಆ್ಯಪ್‌ಗಳಿವೆ, ‘ಮನೆಯಲ್ಲೇ ಕುಳಿತು ಶಿಕ್ಷಕಿಯಾಗಿ’ ಎಂಬ ಜಾಹೀರಾತುಗಳೂ ಇವೆ.

ಈ ಆಸೆ ಒಳ್ಳೆಯದು, ಅದಕ್ಕೆ ವಯಸ್ಸಿನ ಅಡ್ಡಿಯೂ ಇಲ್ಲ. ಆದರೆ ಮೊದಲು ಆ್ಯಪ್ ಹುಡುಕಿ ಆಮೇಲೆ ಗುರಿಯ ಬಗ್ಗೆ ಯೋಚಿಸುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತೆ. ಅದರಿಂದ ಹಣವೂ ಹೋಗುತ್ತದೆ, ಹಣಕ್ಕಿಂತ ಬೆಲೆಬಾಳುವ ಒಂದೆರಡು ವರ್ಷಗಳೂ ಹೋಗುತ್ತವೆ. ಈ ತಿಂಗಳು ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಸಹೋದರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ನೋಡೋಣ. ಬೇರೆ ಊರಿನವರಿಗೂ ಇದು ಅನ್ವಯಿಸುತ್ತದೆ.

ಈ ಮೂರು ಊರುಗಳ ನಡುವೆ ಹೆಚ್ಚು ದೂರವಿಲ್ಲ. ಆದರೆ ರೈಲಿನಲ್ಲಿ ಹೋಗುವವರಿಗೆ ಒಂದು ಮಾತು ಗೊತ್ತು. ಕಡೂರು ದಾಟಿ ಬೀರೂರು ಜಂಕ್ಷನ್‌ಗೆ ಬಂದರೆ ಹಳಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಕಡೆಗೆ, ಇನ್ನೊಂದು ತರೀಕೆರೆಯ ಕಡೆಗೆ. ಯಾವ ಗಾಡಿ ಎಂದು ಕೇಳದೆ ಹತ್ತಿದವರು ಬೇರೆಲ್ಲೋ ಇಳಿಯುತ್ತಾರೆ. ಶಿಕ್ಷಕಿಯಾಗಲು ಹೊರಟವರ ದಾರಿಯೂ ಹೀಗೆಯೇ ಕವಲೊಡೆಯುತ್ತದೆ.

ಮೂವರು ಸಹೋದರಿಯರು, ಮೂರು ಗುರಿಗಳು

ಮೂವರನ್ನು ಕಲ್ಪಿಸಿಕೊಳ್ಳೋಣ. ಕಡೂರಿನ ಸಹೋದರಿ ಪಿಯುಸಿ ಮುಗಿಸಿ ಹೊಲಿಗೆ ಮಾಡುತ್ತಿದ್ದಾರೆ. ಒಂದರಿಂದ ಐದನೇ ತರಗತಿಯ ಪುಟ್ಟ ಮಕ್ಕಳಿಗೆ ಕಲಿಸಬೇಕೆಂಬುದು ಅವರ ಬಯಕೆ. ತರೀಕೆರೆಯ ಸಹೋದರಿ ಬಿ.ಎಸ್ಸಿ. ಪದವೀಧರೆ, ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಆಸೆ ಅವರಿಗೆ. ಅಜ್ಜಂಪುರದ ಸಹೋದರಿಗೆ ಸರಕಾರಿ ಕೆಲಸದ ಯೋಚನೆಯಿಲ್ಲ. ತಮ್ಮ ಬೀದಿಯ ಎಂಟು ಹತ್ತು ಮಕ್ಕಳನ್ನು ಸಂಜೆ ಮನೆಯಲ್ಲಿ ಕೂರಿಸಿ ಓದಿಸಬೇಕು, ಅದರಿಂದ ಅಷ್ಟಿಷ್ಟು ಸಂಪಾದನೆಯೂ ಆಗಬೇಕು.

ಮೂವರೂ ‘ಟೀಚರ್ ಆಗಬೇಕು’ ಎಂದೇ ಹೇಳುತ್ತಾರೆ. ಆದರೆ ಮೂವರಿಗೂ ಬೇಕಾದ ಓದು ಬೇರೆ, ತಗಲುವ ಸಮಯ ಬೇರೆ, ಉಪಯೋಗಕ್ಕೆ ಬರುವ ಆ್ಯಪ್‌ಗಳೂ ಬೇರೆ.

ಅರ್ಹತೆಯ ಮಾತನ್ನು ಮೊದಲು ತಿಳಿದುಕೊಳ್ಳಿ. ಪ್ರಾಥಮಿಕ ತರಗತಿಗಳಿಗೆ, ಅಂದರೆ 1ರಿಂದ 5ರವರೆಗೆ, ಬೇಕಾದುದು ಪಿಯುಸಿ ನಂತರದ ಎರಡು ವರ್ಷದ ಡಿ.ಎಲ್.ಎಡ್. ಇದನ್ನು ನಮ್ಮ ಕಡೆ ಇಂದಿಗೂ ಡಿ.ಎಡ್. ಎಂದೇ ಕರೆಯುತ್ತಾರೆ. ಬಿ.ಎಡ್. ಮಾಡಿದವರು ಈ ತರಗತಿಗಳ ಹುದ್ದೆಗೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತೀರ್ಪು ನೀಡಿದೆ. ‘ಬಿ.ಎಡ್. ದೊಡ್ಡದು, ಅದನ್ನು ಮಾಡಿದರೆ ಎಲ್ಲ ತರಗತಿಗೂ ಆಗುತ್ತದೆ’ ಎಂಬ ಮಾತು ಈಗ ನಡೆಯುವುದಿಲ್ಲ. ಆದ್ದರಿಂದ ಕಡೂರಿನ ಸಹೋದರಿಯ ದಾರಿ ಡಿ.ಎಲ್.ಎಡ್. ತರೀಕೆರೆಯ ಸಹೋದರಿಯ ದಾರಿ ಬಿ.ಎಡ್. ಅದು ಹಿಂದೆ ಒಂದು ವರ್ಷದ್ದಾಗಿತ್ತು. 2015ರಿಂದ ಎರಡು ವರ್ಷದ್ದಾಗಿದೆ.

1ರಿಂದ 8ನೇ ತರಗತಿಯವರೆಗೆ ಕಲಿಸಲು ಇದರ ಜೊತೆಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಇದೆ. ಒಟ್ಟು 150 ಪ್ರಶ್ನೆ, 150 ಅಂಕ. ಸಾಮಾನ್ಯವಾಗಿ 90 ಅಂಕ ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲ ಭಾಷೆಯಾಗಿ ಕನ್ನಡವನ್ನೂ ಆರಿಸಬಹುದು, ಉರ್ದುವನ್ನೂ ಆರಿಸಬಹುದು. ಹಿಂದೆ ಈ ಪ್ರಮಾಣಪತ್ರಕ್ಕೆ ಏಳು ವರ್ಷದ ಅವಧಿಯಿತ್ತು. 2021ರಲ್ಲಿ ಅದನ್ನು ಜೀವಮಾನಕ್ಕೆ ವಿಸ್ತರಿಸಿದರು, ಅದೂ 2011ರಿಂದಲೇ ಅನ್ವಯವಾಗುವಂತೆ. ಮದುವೆಗೆ ಮುಂಚೆ ಟಿಇಟಿ ಪಾಸು ಮಾಡಿ, ‘ಅದರ ಅವಧಿ ಮುಗಿಯಿತು’ ಎಂದು ಬೀರುವಿನಲ್ಲಿ ಇಟ್ಟುಬಿಟ್ಟವರು ನಿಮ್ಮಲ್ಲಿ ಇರಬಹುದು. ದಯವಿಟ್ಟು ಅದನ್ನು ಹೊರಗೆ ತೆಗೆಯಿರಿ.

ಅಜ್ಜಂಪುರದ ಸಹೋದರಿಗೆ ಇದ್ಯಾವುದೂ ಬೇಡ. ಮನೆಪಾಠಕ್ಕೆ ಈ ಪ್ರಮಾಣಪತ್ರ ಬೇಕಾಗಿಲ್ಲ. ಆದರೆ ಒಂದು ಸಂಗತಿ ನೆನಪಿರಲಿ. ಮುಂದೆಂದಾದರೂ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಸೇರಿದರೆ ಮನೆಪಾಠವನ್ನು ನಿಲ್ಲಿಸಬೇಕಾಗುತ್ತದೆ. ಶಿಕ್ಷಕರು ಖಾಸಗಿ ಪಾಠ ಹೇಳಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೇ ಕಲಮು ಹೇಳುತ್ತದೆ.

ಮೊಬೈಲ್‌ನಲ್ಲಿ ಕಲಿತದ್ದು ಎಲ್ಲಿ ಸಲ್ಲುತ್ತದೆ?

‘ಮನೆ ಬಿಟ್ಟು ಎರಡು ವರ್ಷ ಕಾಲೇಜಿಗೆ ಹೋಗುವುದು ಹೇಗೆ? ಆನ್‌ಲೈನಿನಲ್ಲಿ ಮಾಡಿದರಾಗದೇ?’ ಎಂದು ನೀವು ಕೇಳುತ್ತೀರಿ. ಪ್ರಶ್ನೆ ನ್ಯಾಯವಾದುದೇ. ಆದರೆ ಉತ್ತರವನ್ನು ಎಚ್ಚರಿಕೆಯಿಂದ ಕೇಳಿಸಿಕೊಳ್ಳಿ.

ದೂರ ಶಿಕ್ಷಣದ ಬಿ.ಎಡ್. ಇದೆ ನಿಜ. ಆದರೆ ಅದು ಈಗಾಗಲೇ ತರಬೇತಿ ಪಡೆದು ಪ್ರಾಥಮಿಕ ಶಾಲೆಯಲ್ಲಿ ಕೆಲಸದಲ್ಲಿರುವ ಶಿಕ್ಷಕರಿಗೆ ಅಥವಾ ಡಿ.ಎಡ್.ನಂಥ ಶಿಕ್ಷಕ ತರಬೇತಿಯನ್ನು ಕಾಲೇಜಿಗೆ ಹೋಗಿ ಮುಗಿಸಿದವರಿಗೆ ಮೀಸಲಾದುದು. ಹೊಲಿಗೆಯಿಂದಲೋ ಲೆಕ್ಕದ ಕೆಲಸದಿಂದಲೋ ನೇರವಾಗಿ ಬರುವವರಿಗೆ ಆ ಬಾಗಿಲು ತೆರೆದಿಲ್ಲ.

ಇನ್ನೊಂದು ಉದಾಹರಣೆ ನೋಡಿ. ಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದೂ ತರಬೇತಿ ಪಡೆದಿರದ ಶಿಕ್ಷಕರಿಗಾಗಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು 2017ರಲ್ಲಿ ಡಿ.ಎಲ್.ಎಡ್. ಕೋರ್ಸೊಂದನ್ನು ಆರಂಭಿಸಿತು. ಪಾಠಗಳು ‘ಸ್ವಯಂ’ ಜಾಲತಾಣದಲ್ಲೂ ಟಿವಿಯಲ್ಲೂ ಬರುತ್ತಿದ್ದವು. ಲಕ್ಷಾಂತರ ಶಿಕ್ಷಕರು ಸೇರಿದರು. ಆದರೆ ಆ 18 ತಿಂಗಳ ಕೋರ್ಸು ಎರಡು ವರ್ಷದ ಡಿಪ್ಲೊಮಾಕ್ಕೆ ಸಮನಲ್ಲ ಎಂದು 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಸ ನೇಮಕಾತಿಗೆ ಕಾದಿದ್ದವರು ಕಂಗಾಲಾದರು. ಒಂದು ವರ್ಷದ ಬಳಿಕ, 2024ರ ಡಿಸೆಂಬರ್‌ನಲ್ಲಿ, 2017ರ ಆಗಸ್ಟ್ 10ರಂದು ಸೇವೆಯಲ್ಲಿದ್ದು ಕಾಲಮಿತಿಯೊಳಗೆ ಕೋರ್ಸು ಮುಗಿಸಿದವರಿಗೆ ಅದು ಸಲ್ಲುತ್ತದೆ ಎಂದು ಕೋರ್ಟು ಸ್ಪಷ್ಟಪಡಿಸಿತು. ಪಾಠ ಚೆನ್ನಾಗಿತ್ತೋ ಇಲ್ಲವೋ ಎಂಬುದು ಅಲ್ಲಿನ ಪ್ರಶ್ನೆಯಾಗಿರಲಿಲ್ಲ. ಆ ಕೋರ್ಸು ಯಾರಿಗಾಗಿ, ಯಾವ ಹುದ್ದೆಗಾಗಿ ಎಂಬುದೇ ಪ್ರಶ್ನೆಯಾಗಿತ್ತು.

ಆದ್ದರಿಂದ ಶುಲ್ಕ ಕಟ್ಟುವ ಮೊದಲು ಮೂರು ಸಂಗತಿ ಕೇಳಿ. ಈ ಕೋರ್ಸಿಗೆ ಎನ್‌ಸಿಟಿಇ ಮಾನ್ಯತೆ ಇದೆಯೇ? ನನಗೆ ಬೇಕಾದ ತರಗತಿಗೆ ಇದು ಸಲ್ಲುತ್ತದೆಯೇ? ಇದುವರೆಗೆ ಶಾಲೆಯಲ್ಲಿ ಕೆಲಸ ಮಾಡದ ನನ್ನಂಥವಳಿಗೂ ಸಲ್ಲುತ್ತದೆಯೇ? ಉತ್ತರವನ್ನು ಏಜೆಂಟರ ಬಾಯಿಂದ ಕೇಳಬೇಡಿ. ನಿಮ್ಮ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಅಥವಾ ಚಿಕ್ಕಮಗಳೂರಿನ ಡಯಟ್‌ನಲ್ಲಿ ಕೇಳಿ. ಒಂದು ದಿನದ ಬಸ್ ಖರ್ಚು ಎರಡು ವರ್ಷಗಳನ್ನು ಉಳಿಸಬಹುದು.

ಹಾಗಾದರೆ ಮೊಬೈಲ್‌ನ ಕಲಿಕೆ ವ್ಯರ್ಥವೇ? ಖಂಡಿತ ಅಲ್ಲ. ಅದು ಹುದ್ದೆಯನ್ನು ಕೊಡುವುದಿಲ್ಲ, ಆದರೆ ಕೈಗೆ ಕಸುಬನ್ನು ಕೊಡುತ್ತದೆ. ‘ಸ್ವಯಂ’ನಲ್ಲಿ ಕಲಿಸುವ ವಿಧಾನದ ಬಗ್ಗೆ ಕೋರ್ಸುಗಳಿವೆ, ಓದುವುದು ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಹದಿನೈದು ವರ್ಷ ಪುಸ್ತಕ ಮುಟ್ಟದವರಿಗೆ, ಓದುವ ಅಭ್ಯಾಸ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಎಂಟು ವಾರದ ಒಂದು ಕೋರ್ಸನ್ನು ಪೂರ್ತಿ ಮುಗಿಸಲು ಸಾಧ್ಯವಾದರೆ ಎರಡು ವರ್ಷದ ಕಾಲೇಜಿಗೆ ಧೈರ್ಯವಾಗಿ ಅರ್ಜಿ ಹಾಕಿ.

ನಿಮಗೆ ತಕ್ಕ ಉಪಕರಣ ಯಾವುದು?

ಹೊಲಿಗೆ ಗೊತ್ತಿರುವ ಯಾರೂ ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಮಗುವಿನ ವಿಷಯದಲ್ಲೂ ಹಾಗೆಯೇ. ಈ ಮಗುವಿಗೆ ಎಷ್ಟು ಬರುತ್ತದೆ, ಎಲ್ಲಿ ತಡವರಿಸುತ್ತದೆ ಎಂಬ ಅಳತೆ ಮೊದಲು. ಇದಕ್ಕೆ ಬೇಕಾದ ಉಪಕರಣ ನಿಮ್ಮ ಮೊಬೈಲ್‌ನಲ್ಲಿ ಆಗಲೇ ಇದೆ, ಅದು ಧ್ವನಿ ಮುದ್ರಿಸುವ ರೆಕಾರ್ಡರ್. ಮಗು ಒಂದು ನಿಮಿಷ ಓದಿದ್ದನ್ನು ರೆಕಾರ್ಡ್ ಮಾಡಿ. ತರೀಕೆರೆ ಏರಿಯ ಮೇಲಿನ ಕುರಿಮರಿಗಳ ನಾಲಿಗೆ ತೊಡರುವ ಮಾತು ಈ ಕಡೆಯ ಮಕ್ಕಳಿಗೆಲ್ಲ ಗೊತ್ತು. ಅದನ್ನೇ ಹೇಳಿಸಿ, ರಕಾರ ಎಲ್ಲಿ ಜಾರುತ್ತದೆ ಎಂದು ಮಗುವಿಗೇ ಕೇಳಿಸಿ. ನಗುತ್ತಲೇ ತಿದ್ದಿಕೊಳ್ಳುತ್ತದೆ. ತಿಂಗಳ ಬಳಿಕ ಅದೇ ಪಾಠವನ್ನು ಮತ್ತೆ ಓದಿಸಿ, ಎರಡನ್ನೂ ಒಟ್ಟಿಗೆ ಕೇಳಿ. ತಾಯಂದಿರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಅಂಕಪಟ್ಟಿ ಬೇಕೇ?

ಎರಡನೆಯದು, ಶಾಲೆಯ ಪಠ್ಯಪುಸ್ತಕವೇ. ಪುಸ್ತಕದಲ್ಲಿ ಪಾಠದ ಬಳಿ ಅಚ್ಚಾಗಿರುವ ಚೌಕಾಕಾರದ ಕ್ಯೂಆರ್ ಕೋಡನ್ನು ಹಲವರು ಅಲಂಕಾರವೆಂದು ಭಾವಿಸುತ್ತಾರೆ. 2017ರಲ್ಲಿ ಆರಂಭವಾದ ‘ದೀಕ್ಷಾ’ ಆ್ಯಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೋ, ಅಭ್ಯಾಸ ತೆರೆದುಕೊಳ್ಳುತ್ತದೆ. ನೆಟ್ ಇರುವಲ್ಲಿ ಇಳಿಸಿಟ್ಟುಕೊಂಡು ಇಲ್ಲದ ಕಡೆ ತೋರಿಸಬಹುದು. ಪುಸ್ತಕ ಹರಿದುಹೋಗಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಮಾಧ್ಯಮದ ಪುಸ್ತಕಗಳು ಉಚಿತವಾಗಿ ಸಿಗುತ್ತವೆ.

ಮೂರನೆಯದು, ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’. ಮಕ್ಕಳ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಚಿತ್ರಕಥೆಗಳು ಇಲ್ಲಿವೆ, ಹಣ ಕೊಡಬೇಕಾಗಿಲ್ಲ, ಪ್ರಿಂಟ್ ತೆಗೆದುಕೊಳ್ಳಲೂಬಹುದು. ನಮ್ಮ ಮನೆಗಳಿಗೆ ಇದರಲ್ಲೊಂದು ವಿಶೇಷವಿದೆ. ಕಡೂರು, ತರೀಕೆರೆ ಕಡೆಯ ಅನೇಕ ಮಕ್ಕಳು ಮನೆಯಲ್ಲಿ ಉರ್ದು ಮಾತಾಡಿ ಶಾಲೆಯಲ್ಲಿ ಕನ್ನಡ ಓದುತ್ತಾರೆ. ಒಂದೇ ಕಥೆ ಎರಡು ಭಾಷೆಗಳಲ್ಲೂ ಸಿಕ್ಕಾಗ ಮೊದಲು ಮನೆಮಾತಿನಲ್ಲಿ ಹೇಳಿ, ಬಳಿಕ ಕನ್ನಡದಲ್ಲಿ ಓದಿಸಿ. ಕಥೆ ಮೊದಲೇ ಗೊತ್ತಿರುವುದರಿಂದ ಅಕ್ಷರದ ಭಯ ಕಡಿಮೆಯಾಗುತ್ತದೆ. ಎರಡೂ ಭಾಷೆ ಬಲ್ಲ ನೀವು ಇಲ್ಲಿ ಮಾಡುವ ಕೆಲಸವನ್ನು ಬೇರೆ ಭಾಷೆಯಲ್ಲಷ್ಟೇ ಬೆಳೆದ ಶಿಕ್ಷಕಿ ಅಷ್ಟು ಸುಲಭವಾಗಿ ಮಾಡಲಾರಳು.

ಹೈಸ್ಕೂಲಿಗೆ ಹೊರಟ ತರೀಕೆರೆಯ ಸಹೋದರಿಗೆ ‘ಫೆಟ್’ ಎಂಬುದನ್ನು ಸೂಚಿಸುತ್ತೇನೆ. ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ್ದು. ಬ್ಯಾಟರಿ, ತಂತಿ, ಬಲ್ಬು ಜೋಡಿಸುವುದು, ಭಿನ್ನರಾಶಿಗಳನ್ನು ಹೋಲಿಸುವುದು ಎಲ್ಲವನ್ನೂ ಪರದೆಯ ಮೇಲೆ ಮಾಡಿ ನೋಡಬಹುದು. ಕೆಲವು ಕನ್ನಡದಲ್ಲೂ ಇವೆ. ಆದರೆ ಮಂಡಿಯ ಲೆಕ್ಕವನ್ನು ಮರೆಯಬೇಡಿ. ಕ್ವಿಂಟಾಲಿಗೆ ಇಷ್ಟು ಬೆಲೆಯಾದರೆ ಮೂವತ್ತೆರಡು ಕಿಲೋಗೆ ಎಷ್ಟು, ಕಮಿಷನ್ ಶೇಕಡಾ ಎಷ್ಟು ಎಂಬ ಪ್ರಶ್ನೆ ಅಡಿಕೆ ಬೆಳೆಗಾರರ ಮಕ್ಕಳಿಗೆ ಯಾವ ಆ್ಯಪ್‌ಗಿಂತಲೂ ಬೇಗ ಅರ್ಥವಾಗುತ್ತದೆ. ಹಾಗೆಯೇ ಕಾಲು ಇಂಚು, ಮುಕ್ಕಾಲು ಇಂಚು ಎಂದು ದಿನವೂ ಟೇಪು ಹಿಡಿದವರಿಗಿಂತ ಚೆನ್ನಾಗಿ ಭಿನ್ನರಾಶಿ ಕಲಿಸುವವರು ಯಾರು? ಹಳೆಯ ಕೆಲಸದ ವರ್ಷಗಳು ಕಳೆದುಹೋಗಿಲ್ಲ, ಅವೇ ನಿಮ್ಮ ಬಂಡವಾಳ.

ಹೊಸದೇನಾದರೂ ಆ್ಯಪ್ ಕಂಡಾಗ ಈ ಮೂರು ಪ್ರಶ್ನೆ ಹಾಕಿ. ನೆಟ್ ಇಲ್ಲದಾಗಲೂ ನಡೆಯುತ್ತದೆಯೇ? ಮಗುವಿಗೆ ತಿಳಿಯುವ ಭಾಷೆಯಲ್ಲಿದೆಯೇ? ಮಗು ಕಲಿತಿತೋ ಇಲ್ಲವೋ ಎಂದು ನನಗೆ ತಿಳಿಸುತ್ತದೆಯೇ? ಮೂರಕ್ಕೂ ‘ಇಲ್ಲ’ ಎಂದಾದರೆ ಅದು ಎಷ್ಟೇ ಚೆಂದವಾಗಿದ್ದರೂ ಬಿಟ್ಟುಬಿಡಿ.

ನಮ್ಮ ನಾಡಿನ ಅನುಭವ

ತಂತ್ರಜ್ಞಾನದಿಂದ ಕಲಿಸುವ ಪ್ರಯತ್ನ ನಮ್ಮ ರಾಜ್ಯಕ್ಕೆ ಹೊಸದಲ್ಲ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ‘ಎಜುಸ್ಯಾಟ್’ ಉಪಗ್ರಹವನ್ನು ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪಾಠಗಳು ಬಂದವು. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. ಒಳ್ಳೆಯ ಪಾಠಗಳೇ. ಆದರೆ ಅರ್ಥವಾಗದ ಮಗು ಟಿವಿಯನ್ನು ನಿಲ್ಲಿಸಿ ‘ಮಿಸ್, ಇನ್ನೊಮ್ಮೆ ಹೇಳಿ’ ಎನ್ನುವಂತಿರಲಿಲ್ಲ. ಅದೇ ವರ್ಷ ‘ವಿದ್ಯಾಗಮ’ದಲ್ಲಿ ಶಿಕ್ಷಕರು ತಾವೇ ಹಳ್ಳಿಗಳಿಗೆ ಹೋಗಿ ಮರದ ನೆರಳಿನಲ್ಲಿ, ಜಗಲಿಯಲ್ಲಿ ಮಕ್ಕಳನ್ನು ಕೂರಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಪರದೆಯಿಂದ ಪಾಠ ತಲುಪಿದರೂ ಶಿಕ್ಷಕರು ಮಕ್ಕಳ ಬಳಿಗೆ ಹೋಗಲೇಬೇಕಾಯಿತು ಎಂಬುದನ್ನು ಗಮನಿಸಿ.

ಅದಕ್ಕೂ ಹಿಂದೆ, 1995ರಲ್ಲಿ, ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ‘ನಲಿ ಕಲಿ’ ಆರಂಭವಾಯಿತು. ಅದರ ಉಪಕರಣವೆಂದರೆ ರಟ್ಟಿನ ಕಾರ್ಡುಗಳು. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಮುಂದೆ ಅದು ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಕರೆಂಟ್ ಬೇಡದ ಉಪಕರಣವೂ ಉಪಕರಣವೇ.

ಇನ್ನು ಹಣ ಕೊಟ್ಟು ಕೊಳ್ಳುವ ದೊಡ್ಡ ಹೆಸರುಗಳ ಬಗ್ಗೆ ಒಂದು ಮಾತು. ಬೆಂಗಳೂರಿನ ‘ಬೈಜೂಸ್’ ಕಂಪೆನಿಯ ಬೆಲೆ 2022ರಲ್ಲಿ 2,200 ಕೋಟಿ ಡಾಲರ್ ಎಂದು ಹೇಳಲಾಗಿತ್ತು. ಎರಡೇ ವರ್ಷದಲ್ಲಿ, 2024ರ ಜುಲೈನಲ್ಲಿ, 158 ಕೋಟಿ ರೂಪಾಯಿ ಬಾಕಿಯ ಪ್ರಕರಣದಲ್ಲಿ ಅದರ ಮೇಲೆ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಅಷ್ಟು ದೊಡ್ಡ ಕಂಪೆನಿಯ ಗತಿಯೇ ಹೀಗಾದರೆ, ‘ಮೊದಲು ಇಪ್ಪತ್ತು ಸಾವಿರ ಕಟ್ಟಿ, ಆಮೇಲೆ ಮನೆಯಿಂದಲೇ ಪಾಠ ಹೇಳಿ ಗಳಿಸಿ’ ಎನ್ನುವ ಹೆಸರಿಲ್ಲದವರನ್ನು ಹೇಗೆ ನಂಬುವುದು? ಕೆಲಸ ಕೊಡುವವರು ಸಂಬಳ ಕೊಡಬೇಕು, ನಿಮ್ಮಿಂದ ಕೇಳಬಾರದು. ಸಾಲ ಮಾಡಿ, ಒಡವೆ ಅಡವಿಟ್ಟು ಇಂಥ ಕೋರ್ಸಿಗೆ ಸೇರಬೇಡಿ.

ಮನೆಯೊಳಗಿನ ಲೆಕ್ಕ

ಸಂಪಾದನೆಯ ಬಗ್ಗೆಯೂ ಭ್ರಮೆ ಬೇಡ. ಸರಕಾರಿ ಶಾಲೆಯ ಅತಿಥಿ ಶಿಕ್ಷಕರ ಗೌರವಧನಕ್ಕೆ 2025ರ ರಾಜ್ಯ ಬಜೆಟ್‌ನಲ್ಲಿ 2,000 ರೂಪಾಯಿ ಸೇರಿಸಿದರು. ಸೇರಿಸಿದ ಮೇಲೂ ಅದು ಹನ್ನೆರಡು ಸಾವಿರದ ಆಸುಪಾಸು. ಹಬ್ಬದ ಕಾಲದಲ್ಲಿ ಹೊಲಿಗೆಯಿಂದ ಇದಕ್ಕಿಂತ ಹೆಚ್ಚು ಬರುವುದೂ ಇದೆ. ಆದ್ದರಿಂದ ಮೆಷಿನ್ನನ್ನು ಒಮ್ಮೆಗೇ ಮಾರಿಬಿಡಬೇಡಿ. ಕಾಲೇಜಿನ ಶುಲ್ಕ, ಬಸ್ ಪಾಸು, ಎರಡು ವರ್ಷ ಕಡಿಮೆಯಾಗುವ ಹೊಲಿಗೆಯ ಆದಾಯ, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆಯನ್ನು ಮನೆಯವರ ಮುಂದಿಡಿ. ‘ನನಗೆ ಆಸೆ ಇದೆ’ ಎಂಬ ಮಾತಿಗೆ ತಲೆಯಾಡಿಸದ ಅತ್ತೆ ಮಾವಂದಿರು, ಲೆಕ್ಕ ಬರೆದ ಹಾಳೆಯನ್ನು ಕಂಡರೆ ಕುಳಿತು ಮಾತಾಡುತ್ತಾರೆ.

ಮನೆಯಲ್ಲಿ ಒಂದೇ ಒಳ್ಳೆಯ ಮೊಬೈಲ್ ಇದ್ದರೆ ಅದರ ಸಮಯವನ್ನೂ ಗೊತ್ತುಮಾಡಿಕೊಳ್ಳಿ. ಮಕ್ಕಳು ಮದ್ರಸಾಕ್ಕೆ ಹೋಗಿರುವ ಹೊತ್ತು ಓದಿಗೆ ಒಳ್ಳೆಯದು. ರಂಝಾನಿನ ತಿಂಗಳಲ್ಲಿ ಅಡಿಗೆಮನೆಯ ಕೆಲಸ ಹೆಚ್ಚು; ಆ ತಿಂಗಳು ಬಿಡುವು ಇಟ್ಟುಕೊಂಡೇ ಯೋಜನೆ ಹಾಕಿ. ಆಗ ‘ನನ್ನಿಂದಾಗಲಿಲ್ಲ’ ಎಂದು ಕೈಚೆಲ್ಲುವ ಪ್ರಮೇಯ ಬರುವುದಿಲ್ಲ.

ಮನೆಪಾಠಕ್ಕೆ ವಾಟ್ಸ್‌ಆ್ಯಪ್ ಗುಂಪು ಮಾಡುವವರು ತಾಯಂದಿರನ್ನು ಮಾತ್ರ ಸೇರಿಸಿ, ಸಂದೇಶ ಕಳಿಸುವ ಅಧಿಕಾರ ನಿಮಗಷ್ಟೇ ಇರಲಿ. ಮಕ್ಕಳ ಫೋಟೋಗಳನ್ನು ಸ್ಟೇಟಸ್‌ಗೆ ಹಾಕಬೇಡಿ. ಪರರ ಮಕ್ಕಳ ಮುಖ ನಮ್ಮ ಜಾಹೀರಾತಲ್ಲ. ಹಿಂದುಳಿದ ಮಗುವಿನ ತಪ್ಪನ್ನು ಗುಂಪಿನಲ್ಲಿ ಬರೆಯಬೇಡಿ, ಆ ತಾಯಿಗೆ ಮಾತ್ರ ತಿಳಿಸಿ.

ಈ ತಿಂಗಳು ಒಂದೇ ಕೆಲಸ ಮಾಡಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ವಾಕ್ಯ ಬರೆಯಿರಿ. ‘ನಾನು ಶಿಕ್ಷಕಿಯಾಗಬೇಕು’ ಎಂದಷ್ಟೇ ಬರೆಯಬೇಡಿ. ಯಾವ ತರಗತಿಯ, ಯಾವ ಮಗು, ನನ್ನಿಂದ ಏನನ್ನು ಕಲಿಯಬೇಕು ಎಂದು ಬರೆಯಿರಿ. ‘ನಮ್ಮ ಬೀದಿಯ ಮೂರನೇ ತರಗತಿಯ ಐದು ಮಕ್ಕಳು ಬೇಸಿಗೆ ರಜೆಯೊಳಗೆ ತಡವರಿಸದೆ ಒಂದು ಪುಟ ಕನ್ನಡ ಓದಬೇಕು’ ಎಂಬುದು ಗುರಿ. ಅದನ್ನು ಬರೆದ ಮೇಲೆ ಯಾವ ಆ್ಯಪ್ ಬೇಕು, ಯಾವುದು ಬೇಡ, ಯಾವ ಕೋರ್ಸಿಗೆ ಸೇರಬೇಕು ಎಂಬುದು ನಿಮಗೇ ಗೊತ್ತಾಗತೊಡಗುತ್ತದೆ. ಆ ಐದು ಮಕ್ಕಳಲ್ಲಿ ಒಂದು ಮಗುವಾದರೂ ಒಂದು ಪುಟ ಓದಿ ಮುಗಿಸಿ ನಿಮ್ಮ ಮುಖ ನೋಡಿದ ದಿನ, ನಿಮ್ಮ ಹೊಸ ಕೆಲಸ ಆರಂಭವಾಯಿತೆಂದು ತಿಳಿಯಿರಿ. ಹುದ್ದೆಯ ಪತ್ರ ಆಮೇಲೆ ಬರಲಿ.